ಆರನೆಯ ಕುಳಿ

ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮಕ್ಕಳ ಆಸ್ಪತ್ರೆಯ ಔಷಧಾಲಯದ ಮುಖ್ಯಸ್ಥರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಅವಸರದಲ್ಲಿ ಹಾಕಿಕೊಂಡ ಬಿಳಿ ಕೋಟಿನ ಗುಂಡಿಗಳು ಒಂದರ ಮನೆಯಲ್ಲಿ ಇನ್ನೊಂದು ಹೊಕ್ಕು ಕುಳಿತಿದ್ದವು. ಮುಂದಿನ ಮೇಜಿನಲ್ಲಿದ್ದ ದಫೇದಾರರು ಕುರ್ಚಿ ತೋರಿಸಿದರು. ಅವರು ಕೂರಲಿಲ್ಲ.

"ಏನು ಕಳುವಾಗಿದೆ?"

"ತಟ್ಟೆ."

"ಊಟದ ತಟ್ಟೆಯಾ?"

"ಅಳತೆ ತಟ್ಟೆ, ಸ್ವಾಮಿ. ಪುಡಿ ಔಷಧಿ ಅಳೆಯೋ ಯಂತ್ರದ್ದು. ಹಿತ್ತಾಳೆದು, ಅಂಗೈ ಅಗಲ."

"ಗುಜರಿಗೆ ಹಾಕಿದ್ರೆ ಎಷ್ಟು ಸಿಗುತ್ತೆ?"

"ಎರಡು ಟೀ ಸಿಕ್ಕಿದ್ರೆ ಹೆಚ್ಚು."

ದಫೇದಾರರು ಪೆನ್ನು ಕೆಳಗಿಟ್ಟು ತಲೆಯೆತ್ತಿದರು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಎರಡು ಟೀ ಬೆಲೆಯ ಮಾಲಿಗಾಗಿ ಇಷ್ಟು ಬೆವರಿದವರನ್ನು ಅವರು ನೋಡಿರಲಿಲ್ಲ.

"ನಲವತ್ತೆರಡು ಹಸುಗೂಸುಗಳಿವೆ, ಹೃದಯದ ತೊಂದರೆಯವು," ಎಂದರು ಮುಖ್ಯಸ್ಥರು. "ಅವುಗಳ ಔಷಧಿ ಆ ತಟ್ಟೆಯಲ್ಲೇ ಅಳೆಯಬೇಕು. ಹೊಸದು ಮಾಡಿಸಿ ತರಿಸೋಕೆ ಎರಡು ತಿಂಗಳು. ಅಲ್ಲೀವರೆಗೆ ಒಬ್ಬಳು ಕೈಯಲ್ಲಿ ತೂಗಬೇಕು. ಅವಳ ಕೈ ಸೋತು ಕೂದಲೆಳೆ ಹೆಚ್ಚುಕಡಿಮೆ ಆದ್ರೂ…"

ದಫೇದಾರರಿಗೆ ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಆ ನಲವತ್ತೆರಡರಲ್ಲಿ ಒಂದು ಅವರ ಮಗಳ ಮಗು. ಹೆರಿಗೆಯಾದ ಹನ್ನೊಂದನೇ ದಿನಕ್ಕೆ ಮೈ ನೀಲಿಗಟ್ಟಿ, ಉಳಿಯುತ್ತದೋ ಇಲ್ಲವೋ ಎನ್ನುವಂತಾಗಿ, ದೇವರು ಮರಳಿ ಮಡಿಲಿಗೆ ಹಾಕಿದ ಕೂಸು. ಐದು ತಿಂಗಳಿಂದ ಅದರ ಉಸಿರು ನಡೆಯುತ್ತಿದ್ದುದೇ ಆ ಪುಡಿಯ ಪೊಟ್ಟಣಗಳ ಮೇಲೆ.

ಒಳಗೆ ಹೋಗಿ ಇನ್ಸ್‌ಪೆಕ್ಟರ್ ಮೇಡಂಗೆ ಮೊದಲು ಇದನ್ನೇ ಹೇಳಿದರು.

"ಹಾಗಾದ್ರೆ ಎಫ್ಐಆರ್, ಪಂಚನಾಮೆ ಎಲ್ಲ ನನ್ನ ಕೈಯಲ್ಲಿ," ಎಂದರು ಮೇಡಂ. "ನೀವು ಓಡಾಡಿ, ವಿಚಾರಿಸಿ. ಯಾವ ಕಾಗದಕ್ಕೂ ನಿಮ್ಮ ಸಹಿ ಬೇಡ. ಆಗುತ್ತಾ?"

"ಆಗುತ್ತೆ ಮೇಡಂ."

"ಮಗು ಹೇಗಿದೆ?"

"ಆಗಾಗ ವಾಂತಿ. ಉಳಿದಂತೆ ದೇವರ ದಯೆ."

ಹತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಪುಡಿಯ ಕೋಣೆಗೆ ಒಂದೇ ಬಾಗಿಲು, ಒಂದೇ ಕಿಟಕಿ. ಫ್ಯಾನಿಲ್ಲ, ಗಾಳಿ ಬೀಸಿದರೆ ಔಷಧಿ ಹಾರುತ್ತದೆಂದು. ಯಂತ್ರ ಹೊಲಿಗೆ ಯಂತ್ರಕ್ಕಿಂತ ದೊಡ್ಡದೇನಲ್ಲ. ಮೇಲಿನ ಆಲಿಕೆಗೆ ಪುಡಿ ಸುರಿದರೆ ಅದು ಕೆಳಗಿನ ತಟ್ಟೆಯ ಮೇಲೆ ಬೀಳುತ್ತದೆ. ತಟ್ಟೆಯ ಅಂಚಿನಲ್ಲಿ ಸುತ್ತಲೂ ಹತ್ತು ಪುಟ್ಟ ಕುಳಿ. ಕುಳಿ ತುಂಬುತ್ತಲೇ ಒಂದು ಪಟ್ಟಿ ಮೇಲೆ ಸವರಿ ಹೆಚ್ಚಾದದ್ದನ್ನು ತಳ್ಳುತ್ತದೆ. ತಟ್ಟೆ ತಿರುಗಿದಂತೆ ಒಂದೊಂದು ಕುಳಿಯ ಪುಡಿಯೂ ಒಂದೊಂದು ಕಾಗದದ ಪೊಟ್ಟಣಕ್ಕೆ ಬೀಳುತ್ತದೆ. ಹತ್ತು ಪೊಟ್ಟಣ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಸರವಾಗಿ ಹೊರಬರುತ್ತದೆ. ತಾಯಂದಿರು ಬೆಳಿಗ್ಗೆ ಒಂದು, ಸಂಜೆ ಒಂದು ಹರಿದು ಹಾಲಿಗೆ ಕಲಸುತ್ತಾರೆ. ಒಂದು ಸರ ಐದು ದಿನಕ್ಕೆ.

ಈಗ ತಟ್ಟೆಯಿದ್ದ ಜಾಗ ಖಾಲಿ. ಬೀಗ ಒಡೆದಿರಲಿಲ್ಲ. ಬಿಚ್ಚಿದ ನಾಲ್ಕು ಸ್ಕ್ರೂಗಳು ಗಾಜಿನ ಬಟ್ಟಲಲ್ಲಿ ಇದ್ದವು. ಯಂತ್ರವನ್ನು ಒರೆಸಿ, ಹೊದಿಕೆ ಹೊದಿಸಿ, ದಾರ ಕಟ್ಟಲಾಗಿತ್ತು.

"ಕಳ್ಳ ತುಂಬಾ ಮರ್ಯಾದಸ್ಥ," ಎಂದಳು ಮಹಿಳಾ ಕಾನ್‌ಸ್ಟೇಬಲ್. "ನಮ್ಮನೆಯವರು ಸ್ಪ್ಯಾನರ್ ಮುಟ್ಟಿದ್ರೆ ಮೂರು ದಿನ ಹಾಲ್‌ನಲ್ಲಿ ಕಾಲಿಡೋ ಹಾಗಿಲ್ಲ."

ಬೀಗದ ಕೈ ಇದ್ದದ್ದು ಮೂವರ ಹತ್ತಿರ: ಮುಖ್ಯಸ್ಥರು, ಯಂತ್ರ ರಿಪೇರಿಯ ಮೆಕ್ಯಾನಿಕ್, ಮತ್ತು ಇಪ್ಪತ್ತೆರಡು ವರ್ಷದಿಂದ ಆ ಯಂತ್ರ ನಡೆಸುತ್ತಿದ್ದ ಹೆಂಗಸು. ಅವರನ್ನು ಇಡೀ ಆಸ್ಪತ್ರೆ ಪುಡಿಯಕ್ಕ ಎಂದೇ ಕರೆಯುತ್ತಿತ್ತು. ಪಂಚನಾಮೆ ನಡೆದಷ್ಟು ಹೊತ್ತೂ ಪುಡಿಯಕ್ಕ ಮೂಲೆಯ ಮೇಜಿನಲ್ಲಿ ಕೂತು, ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿಯಲ್ಲಿ ಪುಡಿ ತೂಗಿ ಪೊಟ್ಟಣ ಮಡಿಸುತ್ತಿದ್ದರು. ಕೇಳಿದ ಪ್ರಶ್ನೆಗೆ ಚುಟುಕು ಉತ್ತರ. ಸೋಮವಾರ ಸಂಜೆ ಐದಕ್ಕೆ ಬೀಗ ಹಾಕಿದೆ. ಮಂಗಳವಾರ ಎಂಟೂವರೆಗೆ ತೆಗೆದೆ. ತಟ್ಟೆ ಇರಲಿಲ್ಲ.

ಬುಧವಾರ ಬೆಳಿಗ್ಗೆ ದಫೇದಾರರು ಮೆಕ್ಯಾನಿಕ್‌ನ ಅಂಗಡಿಗೆ ಹೋದರು. ಬಿಡಿಭಾಗದ ವಿಷಯಕ್ಕೆ ಅವನಿಗೂ ಮುಖ್ಯಸ್ಥರಿಗೂ ಹಿಂದಿನ ತಿಂಗಳು ಮಾತಿಗೆ ಮಾತು ಬೆಳೆದಿತ್ತು.

"ಸೋಮವಾರ ಸಂಜೆ ಎಲ್ಲಿದ್ದೆ?"

"ಅತ್ತೆ ಮನೇಲಿ. ಬೇಕಿದ್ರೆ ಅತ್ತೆನ್ನ ಕೇಳಿ. ಆದ್ರೆ ಸಾರ್, ಕೇಳೋಕೆ ಹೋದ್ರೆ ಬೇಗ ಬಿಡಲ್ಲ ಅವರು."

"ಜಗಳ ಆಗಿತ್ತಂತೆ?"

"ತಟ್ಟೆ ಹಳೇದಾಯ್ತು, ಬದಲಾಯಿಸಿ ಅಂದೆ. ಅವರು ರಿಜಿಸ್ಟರ್ ತೋರಿಸಿದ್ರು. ತೂಕ ಎಲ್ಲ ಸರಿ ಇದೆ, ನೀನು ಯಾವ ದೊಡ್ಡ ಮನುಷ್ಯ ಅಂದ್ರು. ಆಯ್ತಪ್ಪ ಅಂತ ಬಂದೆ." ಅವನು ಕೈ ಒರೆಸಿಕೊಂಡ. "ನಾನು ಬಿಚ್ಚಿದ್ರೆ ಸ್ಕ್ರೂ ಜೇಬಿಗೆ ಹಾಕ್ಕೋತೀನಿ ಸಾರ್. ಬಟ್ಟಲಲ್ಲಿ ಇಡೋದು ದಿನಾ ಬಿಚ್ಚಿ ತೊಳೆಯೋರು."

ಅತ್ತೆಯ ಸಾಕ್ಷ್ಯ ಗಟ್ಟಿಯಾಗಿತ್ತು, ಮುಗಿಯಲು ಒಂದು ಗಂಟೆ ಹಿಡಿಯಿತು.

ಹನ್ನೊಂದೂವರೆಗೆ ದಫೇದಾರರು ಔಷಧಾಲಯದ ಕಿಟಕಿಯ ಸಾಲಿನಲ್ಲಿ, ಪೊಲೀಸನಾಗಿ ಅಲ್ಲ ಅಜ್ಜನಾಗಿ, ನಿಂತರು. ಪುಡಿಯಕ್ಕ ಗುರುತು ಹಿಡಿದರು. ಕೈಯಲ್ಲಿ ಮಡಿಸಿದ ನಾಲ್ಕು ಪೊಟ್ಟಣ ಮುಂದಿಟ್ಟರು.

"ಅಣ್ಣ, ಇದು ಎರಡು ದಿನಕ್ಕೆ. ಮನೇಲಿರೋ ಹಳೆ ಸರ ತಂದಿದೀರಾ?"

"ಇಲ್ಲವಲ್ಲ. ಅದೂ ಇರಲಿ, ಇದೂ ಇರಲಿ ಬಿಡಿ."

"ಬೇಡ. ಅದನ್ನ ಹಾಕಬೇಡಿ. ವಾಪಸ್ ತಂದುಕೊಡಿ."

"ಕೆಟ್ಟಿದೆಯಾ?"

"ಕೆಟ್ಟಿಲ್ಲ." ಪುಡಿಯಕ್ಕನ ಕಣ್ಣು ಹಿಂದಿನವರ ಮೇಲೆ ಹೋಯಿತು. "ವಾಪಸ್ ಬೇಕು ಅಷ್ಟೆ. ಇವತ್ತೇ ತನ್ನಿ."

ದಫೇದಾರರು ಆಸ್ಪತ್ರೆಯ ಅಂಗಳದ ಕಲ್ಲು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತರು. ಯಂತ್ರವಿಲ್ಲದೆ ಒಂದೊಂದು ಪೊಟ್ಟಣಕ್ಕೂ ಬೆನ್ನು ಮುರಿಯುವ ಕೆಲಸ. ಇಂಥ ಹೊತ್ತಿನಲ್ಲಿ ಸಿದ್ಧವಾಗಿರುವುದನ್ನು ಉಳಿಸಿ ಬಳಸುವುದು ಬಿಟ್ಟು ಈ ಹೆಂಗಸು ವಾಪಸ್ ಕೇಳುತ್ತಿದ್ದಾಳೆ. ಮುಖ್ಯಸ್ಥರನ್ನು ಕೇಳಿದರೆ ಅಂಥ ಅಪ್ಪಣೆ ಕೊಟ್ಟೇ ಇಲ್ಲ ಎಂದರು.

ಮಧ್ಯಾಹ್ನ ಮನೆಗೆ ಬಂದಾಗ ಮಗಳು ಕೂಸಿನ ಬಟ್ಟೆ ಮಡಿಸುತ್ತಿದ್ದಳು.

"ಆ ಸರ ಎಲ್ಲಿದೆ?"

"ಇಲ್ಲೇ ಇದೆ. ಸೋಮವಾರ ತಂದದ್ದು. ಹಳೇದು ಇವತ್ತು ಬೆಳಿಗ್ಗೆಗೆ ಮುಗೀತು. ಇದನ್ನಿನ್ನೂ ಹರಿದಿಲ್ಲ." ಅವಳು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. "ಹರಿಯೋಕೆ ಹೆದರಿಕೆ ಅಪ್ಪ. ಆರನೇದು ಬರುತ್ತಲ್ಲ."

"ಆರನೇದಾ?"

ಕ್ಯಾಲೆಂಡರಿನಲ್ಲಿ ವಾಂತಿಯಾದ ದಿನಗಳಿಗೆ ಪೆನ್ಸಿಲಿನ ಗುರುತು. ಐದು ದಿನಕ್ಕೊಂದು, ಅಳತೆಗೋಲು ಹಿಡಿದಂತೆ. ಪ್ರತಿ ಸರದ ಆರನೇ ಪೊಟ್ಟಣ ಹಾಕಿದ ದಿನ.

"ಡಾಕ್ಟರಿಗೆ ಹೇಳಿದ್ರೆ ಹಾಲು ಹೆಚ್ಚಾಗಿರಬೇಕು ಅಂದ್ರು. ನೀವಂತೂ ದೃಷ್ಟಿ ತೆಗಿ ಅಂದ್ರಿ. ಸೋಮವಾರ ಮಧ್ಯಾಹ್ನ ಪುಡಿಯಕ್ಕನಿಗೂ ಹೇಳ್ದೆ, ನಿಮ್ಮ ಆರನೇ ಪೊಟ್ಟಣದಲ್ಲಿ ದೆವ್ವ ಇದೆ ಅಕ್ಕ ಅಂತ. ತಮಾಷೆಗೆ ಅಂದದ್ದು. ಅವರು ನಗಲಿಲ್ಲ. ಕಿಟಕಿ ಹಾಕ್ಕೊಂಡು ಒಳಗೆ ಹೋದೋರು ಸುಮಾರು ಹೊತ್ತು ಬರಲೇ ಇಲ್ಲ."

ಸೋಮವಾರ ಮಧ್ಯಾಹ್ನ ಈ ಮಾತು. ಸೋಮವಾರ ಸಂಜೆ ತಟ್ಟೆ ಮಾಯ. ದಫೇದಾರರು ನಿಂತ ನಿಲುವಿನಲ್ಲೇ ಮೇಡಂಗೆ ಫೋನ್ ಮಾಡಿದರು.

ಗುರುವಾರ, ಹದಿನಾರನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಮೇಡಂ ಹರಿಯದ ಸರವನ್ನು ಮಗಳ ಕೈಯಿಂದ ಜಪ್ತಿ ಮಾಡಿಕೊಂಡರು. ಇಬ್ಬರು ಪಂಚರ ಸಮಕ್ಷಮ, ಪುಡಿಯ ಕೋಣೆಯ ತಕ್ಕಡಿಯಲ್ಲೇ ಅದನ್ನು ಇಟ್ಟರು. ದಫೇದಾರರು ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದರು. ಮೊದಲು ಹತ್ತರ ಪುಡಿಯೂ ಒಟ್ಟಿಗೆ: ಎರಡು ಸಾವಿರ ಮಿಲಿಗ್ರಾಂ. ತಲಾ ಇನ್ನೂರು, ಚೂರೂ ಹೆಚ್ಚಿಲ್ಲ, ಚೂರೂ ಕಡಿಮೆಯಿಲ್ಲ.

"ನೋಡಿ," ಎಂದರು ಮುಖ್ಯಸ್ಥರು. "ದಿನಾ ಬೆಳಿಗ್ಗೆ ಹೀಗೇ ತೂಗ್ತೀವಿ. ಹತ್ತು ಸೇರಿ ಹೆಚ್ಚಾದ್ರೆ ಸವರೋ ಪಟ್ಟಿಯ ತಿರುಪು ಬಿಗಿ ಮಾಡ್ತೀವಿ, ಕಡಿಮೆಯಾದ್ರೆ ಸಡಿಲ. ಇಪ್ಪತ್ತೆರಡು ವರ್ಷದ ರಿಜಿಸ್ಟರ್ ಇದೆ, ಒಂದು ದಿನ ತಪ್ಪಿಲ್ಲ."

"ಒಂದೊಂದೇ ತೂಗಿದ್ದೀರಾ?"

"ಅದಕ್ಕೆಲ್ಲಿ ಸಮಯ ಮೇಡಂ?"

"ಈಗ ತೂಗಿ."

ಒಂದನೆಯದು ನೂರ ಎಂಬತ್ತು. ಎರಡನೆಯದು ನೂರ ಎಂಬತ್ತು. ಐದರವರೆಗೂ ಅದೇ. ಆರನೆಯದನ್ನು ಇಟ್ಟಾಗ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮುನ್ನೂರ ಎಂಬತ್ತು. ಉಳಿದ ನಾಲ್ಕೂ ಮತ್ತೆ ನೂರ ಎಂಬತ್ತು.

ಒಂದು ಕುಳಿ ದೊಡ್ಡದಾಗುತ್ತ ಬಂದಿತ್ತು. ಒಟ್ಟು ಹೆಚ್ಚಾದಾಗಲೆಲ್ಲ ತಿರುಪು ಬಿಗಿಯಾಗಿತ್ತು. ಒಂಬತ್ತು ಪೊಟ್ಟಣ ಬಡವಾಗಿ ಒಂದು ಕೊಬ್ಬಿತ್ತು, ರಿಜಿಸ್ಟರ್ ಮಾತ್ರ ನಗುನಗುತ್ತ ಸರಿಯಾಗಿತ್ತು. ಪಕ್ಕದ ವಾರ್ಡಿನಿಂದ ಕರೆಸಿದ ಮಕ್ಕಳ ಡಾಕ್ಟರು ಅಂಕಿಗಳನ್ನು ಎರಡು ಸಲ ಓದಿದರು. "ಕುಳಿ ಇನ್ನಷ್ಟು ದೊಡ್ಡದಾಗೋದನ್ನ ಕಾಯ್ತಾ ಇದ್ದಿದ್ರೆ ಯಾವುದೋ ಮಗುವಿನ ಹೃದಯ ನಿಂತೇ ಹೋಗ್ತಿತ್ತು," ಎಂದರು.

ಮೂಲೆಯ ಮೇಜಿನಲ್ಲಿ ಪುಡಿಯಕ್ಕನ ಕೈ ನಿಂತಿತ್ತು.

"ತಟ್ಟೆ ಎಲ್ಲಿದೆ?" ಮೇಡಂ ದನಿ ಎತ್ತರಿಸಲಿಲ್ಲ.

"ಮನೇಲಿ. ಈ ಪೊಟ್ಟಣ ಒಂದು ಮಡಿಸಿ ಬರ್ತೀನಿ."

ಮಡಿಸಿದರು, ಕೈ ತೊಳೆದರು, ಹೊರಟರು.

ಎರಡು ಬೀದಿಯಾಚೆ ಒಂದು ಕೋಣೆಯ ಮನೆ. ಹೊಲಿಗೆಯ ಡಬ್ಬಿಯೊಳಗೆ ಬಿಳಿ ಬಟ್ಟೆಯಲ್ಲಿ ತಟ್ಟೆ ಸುತ್ತಿಟ್ಟಿತ್ತು. ಜೊತೆಗೊಂದು ದಪ್ಪ ಸೂಜಿ. ಸೂಜಿಯನ್ನು ಯಾರೂ ಕೇಳಿರಲಿಲ್ಲ. ಅವರೇ ತೆಗೆದು ತಟ್ಟೆಯ ಪಕ್ಕದಲ್ಲಿ ಇಟ್ಟರು.

"ಇದು ಯಾಕೆ?"

"ಇದೇ ಮಾಡಿದ್ದು." ಅವರು ಒಂದು ಕುಳಿಯ ಮೇಲೆ ಬೆರಳಿಟ್ಟರು. "ತೇವದ ದಿನಗಳಲ್ಲಿ ಪುಡಿ ಕಚ್ಚಿಕೊಳ್ಳುತ್ತೆ. ಈ ಕುಳಿಯಲ್ಲೇ ಜಾಸ್ತಿ. ಬ್ರಷ್‌ನಲ್ಲೇ ತೆಗೀಬೇಕು ಅಂತ ನಿಯಮ. ಕಿಟಕಿ ಆಚೆ ಮಕ್ಕಳು ಅಳ್ತಾ ಇರ್ತವೆ, ಬ್ರಷ್ ಹಿಡಿದು ಎಷ್ಟು ಹೊತ್ತು ಕೂರೋದು? ಸೂಜಿ ಹಾಕಿ ಕೆರೆದೆ. ಒಂದು ದಿನ ಅಲ್ಲ, ಎರಡು ವರ್ಷ. ಹಿತ್ತಾಳೆ ಮೆತ್ತಗಿನ ಲೋಹ ಅನ್ನೋದು ನನಗೇ ಗೊತ್ತಿರಬೇಕಿತ್ತು."

"ಗೊತ್ತಾಗಿದ್ದು ಯಾವಾಗ?"

"ಸೋಮವಾರ. ಈ ಅಣ್ಣನ ಮಗಳು ಹೇಳಿದ ಮೇಲೆ ಒಳಗೆ ಹೋಗಿ ಒಂದೊಂದೇ ತೂಗಿದೆ. ಆರನೇದು ಹತ್ತಿರ ಹತ್ತಿರ ಎರಡರಷ್ಟಿತ್ತು."

"ಮುಖ್ಯಸ್ಥರಿಗೆ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು. ಹೆದರಿಕೊಂಡೆ. ತಟ್ಟೆ ಇದ್ರೆ ಯಾರಾದ್ರೂ ಆ ಗೀರು ನೋಡ್ತಾರೆ ಅಂತ ಬಿಚ್ಚಿ ಚೀಲಕ್ಕೆ ಹಾಕ್ಕೊಂಡೆ. ಅರ್ಧ ದಾರಿಗೆ ಬಂದಾಗ ಮನೆಮನೆಯಲ್ಲಿರೋ ಸರಗಳ ನೆನಪಾಯ್ತು. ಎಲ್ಲ ವಾಪಸ್ ತರಿಸಿಕೊಂಡು ಆಮೇಲೆ ಠಾಣೆಗೆ ಬರೋಣ ಅಂದ್ಕೊಂಡೆ. ನಲವತ್ತೊಂದು ಮನೆಯಿಂದ ಬಂತು." ಅವರು ಮೊದಲ ಬಾರಿಗೆ ದಫೇದಾರರ ಮುಖ ನೋಡಿದರು. "ನಿಮ್ಮದೊಂದು ಬಾಕಿ ಇತ್ತು, ಅಣ್ಣ. ನಿನ್ನೆ ಸಂಜೆ ಕತ್ತಲಾಗೋವರೆಗೂ ಕಿಟಕಿ ಮುಚ್ಚದೆ ಕೂತಿದ್ದೆ."

ಆ ಸೂಜಿಯನ್ನು ನೋಡಿದರೆ ದಫೇದಾರರಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಸಿಟ್ಟಿನ ಬೆನ್ನಿಗೇ ಇನ್ನೊಂದು ಬಂತು. ಇವಳ ಕೈಯಿಂದ ಆದದ್ದನ್ನು ಇವಳ ಕೈಯಿಂದಲೇ ತಡೆಸಿದವನಿಗೆ ಅವರು ಮನಸ್ಸಿನಲ್ಲೇ ಕೈ ಮುಗಿದರು.

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಬಂಧನದ ಕಾಗದವಾಯಿತು. ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಮಹಿಳಾ ಕಾನ್‌ಸ್ಟೇಬಲ್, "ಮಕ್ಕಳ ಪ್ರಾಣ ಉಳಿಸಲೆಂದು, ಮತ್ತು ಭಯದಿಂದ," ಎಂದು ಬರೆದು ಓದಿ ಹೇಳಿದಳು.

"ಹಾಗಲ್ಲಮ್ಮ," ಎಂದರು ಪುಡಿಯಕ್ಕ. "ಮೊದಲು ಭಯ. ಮಕ್ಕಳು ಆಮೇಲೆ. ಇದ್ದ ಹಾಗೇ ಬರಿ."

ಮೇಡಂ ತಲೆಯಾಡಿಸಿದರು. ಕಾನ್‌ಸ್ಟೇಬಲ್ ಆ ಸಾಲು ಹೊಡೆದು ಮತ್ತೆ ಬರೆದಳು.

ಸಂಜೆ ದಫೇದಾರರು ಎಲ್ಲವನ್ನೂ ಮಗಳಿಗೆ ಹೇಳಿದರು, ಸೂಜಿಯನ್ನೂ ಬಿಡದೆ. ಅವಳು ಕ್ಯಾಲೆಂಡರಿನ ಪೆನ್ಸಿಲ್ ಗುರುತುಗಳನ್ನು ಒಂದೊಂದಾಗಿ ಎಣಿಸಿದಳು.

"ಎರಡು ವರ್ಷ ಅಂದ್ರೆ ನನ್ನ ಮಗಳಿಗಿಂತ ಮೊದಲಿನ ಮಕ್ಕಳೂ ಇದ್ವು."

"ಇದ್ವು. ಡಾಕ್ಟರು ಎಲ್ಲರನ್ನೂ ಕರೆಸಿ ನೋಡ್ತಿದಾರೆ. ಈವರೆಗೆ ಯಾರಿಗೂ ಹೆಚ್ಚಿನದೇನೂ ಆಗಿಲ್ಲ. ದೇವರು ದೊಡ್ಡವನು."

"ಕೋರ್ಟಿಗೆ ಎಷ್ಟು ಹೊತ್ತಿಗೆ ಕರ್ಕೊಂಡು ಹೋಗ್ತೀರಿ?"

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಜೀಪಿನ ಪಕ್ಕದಲ್ಲಿ ಮಗಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಪುಡಿಯಕ್ಕ ಮಹಿಳಾ ಕಾನ್‌ಸ್ಟೇಬಲ್ ಜೊತೆ ಹೊರಗೆ ಬಂದವರು ಅವಳನ್ನು ಕಂಡು ತಲೆ ತಗ್ಗಿಸಿದರು.

"ಅಕ್ಕ, ಇಲ್ಲಿ ನೋಡಿ," ಎಂದಳು ಮಗಳು. "ನಿಮ್ಮ ಮೇಲೆ ಕೋಪ ಇದೆ, ಇಲ್ಲ ಅನ್ನಲ್ಲ. ಆದ್ರೂ ಒಂದ್ಸಲ ಇವಳನ್ನ ಎತ್ಕೊಳ್ಳಿ. ಕಿಟಕಿಯಲ್ಲಿ ಡಾಕ್ಟರ ಚೀಟಿ ಮಾತ್ರ ನೋಡಿದ್ದು ನೀವು."

ಪುಡಿಯಕ್ಕ ಮೇಡಂ ಕಡೆ ನೋಡಿದರು. ಮೇಡಂ ಜೀಪಿನ ಆ ಬದಿಗೆ ಹೋಗಿ ಟೈರು ನೋಡತೊಡಗಿದರು. ಕೂಸು ಕೈಗೆ ಬಂದಾಗ ಪುಡಿಯಕ್ಕ ಅಪ್ಪಿಕೊಳ್ಳಲಿಲ್ಲ. ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒಮ್ಮೆ ಮೇಲೆ ಕೆಳಗೆ ತೂಗಿದರು.

"ಚೀಟಿಯಲ್ಲಿ ತೂಕ ಎಷ್ಟು ಬರೆದಿದೆ?"

"ಐದು ಕಿಲೋ."

"ಐದಲ್ಲ. ಐದೂಮುಕ್ಕಾಲು ಇದಾಳೆ." ಪುಡಿಯಕ್ಕನ ದನಿ ಕಿಟಕಿಯ ದನಿಯಾಯಿತು. "ಡೋಸ್ ಬದಲಾಗಬೇಕು. ಇವತ್ತೇ ಡಾಕ್ಟರಿಗೆ ತೋರಿಸು, ಮರೀಬೇಡ."

ಒಂಬತ್ತು ಮೂವತ್ತೆಂಟಕ್ಕೆ ಜೀಪು ಹೊರಟಿತೆಂದು ಠಾಣೆಯ ದಿನಚರಿಯಲ್ಲಿ ದಾಖಲಾಗಿದೆ. ಹನ್ನೊಂದಕ್ಕೆ ಮಗಳು ಆಸ್ಪತ್ರೆಯಿಂದ ಫೋನ್ ಮಾಡಿದಳು. ಮಗು ಐದು ಕಿಲೋ ಏಳುನೂರು ಗ್ರಾಂ.