ಕೆಂಪಾಗಿ ಕಂಡ ಗುಡ್ಡ

"ಯಾರು ನೀವು? ಯಾರ ಜಾಗ ಅಳೆಯಲಿಕ್ಕೆ ಬಂದದ್ದು?"

ಶಾಲೆಯ ಅಂಗಳದಲ್ಲಿ, ಜೀಪಿನ ಬಾನೆಟ್ ಮೇಲೆ ದೊಡ್ಡ ಬಣ್ಣದ ಚಿತ್ರವೊಂದನ್ನು ಹರಡಿಕೊಂಡು ನಿಂತಿದ್ದ ತರುಣ ಬೆಚ್ಚಿ ತಿರುಗಿದ. ಎದುರಿಗೆ ಸೀಮೆಸುಣ್ಣ ಹಿಡಿದ ಟೀಚರು. ಹಣೆಯಲ್ಲಿ ಬೆವರು, ಕಣ್ಣಲ್ಲಿ ಕಿಡಿ!

"ಅಳೆಯಲಿಕ್ಕೆ ಅಲ್ಲ ಟೀಚರ್... ನೋಡ್ಲಿಕ್ಕೆ."

"ನೋಡ್ಲಿಕ್ಕೆ ಬಂದವರೇ ಮತ್ತೆ ಅಳೆಯುವುದು."

ಸ್ವರ್ಣಲತಾಳ ಸಿಟ್ಟಿಗೆ ಕಾರಣವಿತ್ತು. ಬೆಳ್ತಂಗಡಿಯಿಂದಾಚೆ, ಘಟ್ಟದ ಬುಡದಲ್ಲಿರುವ ನೀರಪಲ್ಕೆ ಅವಳ ಊರು. ಹತ್ತು ಹನ್ನೆರಡು ವರ್ಷಗಳ ಹಿಂದೆ, ಉಳುವ ಭೂಮಿ ತಮಗೆ ಸೇರಬೇಕೆಂದು ಗೇಣಿದಾರರೆಲ್ಲ ಡಿಕ್ಲರೇಷನ್ ಕೊಟ್ಟಾಗ ಅವಳ ಮನೆತನದ ಗದ್ದೆಗಳು ಉಳುವವರ ಪಾಲಾಗಿದ್ದವು. ಅದು ನ್ಯಾಯವೇ, ಅಲ್ಲವೆನ್ನುವವರು ಯಾರು? ಆದರೂ ಕಳೆದುಕೊಂಡವರ ಮನೆಯಲ್ಲಿ ನಕ್ಷೆ ಹಿಡಿದು ಬರುವವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ.

ಅವನು ನಕ್ಕ. "ನಾನು ಸುಧಾಕರ. ಮೂಡುಬಿದಿರೆಯವನು. ಹೈದರಾಬಾದಿನಲ್ಲಿ ಉಪಗ್ರಹದ ಚಿತ್ರ ಓದುವ ಕೆಲಸ. ಇದು ಆಕಾಶದಿಂದ ತೆಗೆದ ನಿಮ್ಮ ಊರು. ಬನ್ನಿ, ನೋಡಿ."

ನೋಡಬಾರದಿತ್ತು... ನೋಡಿದಳು. ಇಡೀ ಘಟ್ಟ ರಕ್ತ ಚೆಲ್ಲಿದ ಹಾಗೆ ಕೆಂಪು!

"ಇದೆಂಥದು? ಗುಡ್ಡಕ್ಕೆ ಬೆಂಕಿ ಬಿದ್ದದ್ದಾ?"

"ಅಲ್ಲ ಅಲ್ಲ. ಹಸಿರೆಲೆ ಒಂದು ಬಗೆಯ ಬೆಳಕನ್ನು ಹಿಂದಕ್ಕೆ ಎಸೀತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಉಪಗ್ರಹಕ್ಕೆ ಕಾಣ್ತದೆ. ಚಿತ್ರದಲ್ಲಿ ನಾವು ಅದಕ್ಕೆ ಕೆಂಪು ಬಣ್ಣ ಕೊಡ್ತೇವೆ. ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರೆ, ಕೆಂಪು ಎಲ್ಲಿ ಮಾಸಿದೆಯೋ ಅಲ್ಲಿ ಕಾಡು ಹೋಗಿದೆ ಅಂತ ಲೆಕ್ಕ."

"ಹೋದರೆ?"

"ಮಳೆ ನೀರನ್ನು ಹಿಡಿಯುವವರೇ ಇಲ್ಲ. ಗುಡ್ಡ ಜರಿದು ಬೀಳ್ತದೆ. ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ನುಗ್ತದೆ." ಅವನ ನಗು ಮಾಯವಾಗಿತ್ತು. "ಅಪಾಯದ ಗುಡ್ಡಗಳು ಯಾವುವು ಅಂತ ಮಳೆಗಾಲದ ಮೊದಲು ನಾವು ಹೇಳ್ಬೇಕು. ಕೆಳಗಿನ ಜನರನ್ನು ಬೇರೆ ಕಡೆಗೆ ಕಳಿಸ್ತಾರೆ. ಆದರೆ ಮೇಲಿಂದ ಕಂಡದ್ದು ಸರಿಯಾ ಅಂತ ಕಾಲಿಟ್ಟು ನೋಡ್ಬೇಕಲ್ಲ? ಅದಕ್ಕೇ ಬಂದದ್ದು."

ಅವನ ಬೆರಳು ಶಾಲೆಯ ಹಿಂದಿನ ಗುಡ್ಡದ ಮೇಲೆ ನಿಂತಿತು. "ಇಲ್ಲಿ ಒಳ್ಳೆ ಕೆಂಪು ಉಂಟು. ಮೇಲೆ ದೊಡ್ಡ ಕಾಡಲ್ವಾ?"

ಸ್ವರ್ಣಲತಾ ಚಿತ್ರದಿಂದ ಕಣ್ಣು ಕಿತ್ತು ಗುಡ್ಡದ ಕಡೆಗೆ ನೋಡಿದಳು.

ಅಲ್ಲಿ ಕಾಡಿರಲಿಲ್ಲ! ಆ ಗುಡ್ಡ ಸರಕಾರದ ಕುಮ್ಕಿ ಜಾಗ. ಸೊಪ್ಪು, ಸೌದೆ ತರಬಹುದು, ಮರ ಕಡಿಯುವಂತಿಲ್ಲ. ತಾಯಿಯಿಲ್ಲದ ಅವಳನ್ನು ಸಾಕಿದ ಸೋದರಮಾವ ಶೀನಪ್ಪ ಶೆಟ್ಟರು ಗದ್ದೆ ಹೋದ ಸಂಕಟದಲ್ಲಿ ಅಲ್ಲಿನ ಮರಗಳನ್ನು ಗುಟ್ಟಾಗಿ ಕಡಿಸಿ ರಬ್ಬರ್ ನೆಡಿಸಿದ್ದರು. ಮಣ್ಣಿನ ತಂಪಿಗೆಂದು ಗಿಡಗಳ ನಡುವೆ ಹಬ್ಬಿಸಿದ ಬಳ್ಳಿ ನೆಲ ಕಾಣದಷ್ಟು ದಟ್ಟವಾಗಿ ಬೆಳೆದಿತ್ತು. ಆಕಾಶದಿಂದ ನೋಡಿದ ಕಣ್ಣಿಗೆ ಆ ಬಳ್ಳಿಯೂ ಕೆಂಪು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ, ಕೆಂಪಗಿರುವುದೆಲ್ಲ ಕಾಡೂ ಅಲ್ಲ ಎಂದು ಹೇಳಬೇಕಾದವಳು ಅವಳೊಬ್ಬಳೇ ಇದ್ದಳು.

'ಹೇಳಿದರೆ ಮಾವನ ಮೇಲೆ ಕೇಸು... ಈ ವಯಸ್ಸಿನಲ್ಲಿ ಜೈಲು...'

"ಹೌದು, ದೊಡ್ಡ ಕಾಡು," ಅಂದಳು. "ಮೇಲೆ ದೈವದ ಬನ ಉಂಟು. ಹೊರಗಿನವರು ಹೋಗ್ಲಿಕ್ಕೆ ಇಲ್ಲ."

ಶಾಲೆಯ ಹಿಂದಿನ ಮರಗಳ ಸಂದಿಯಲ್ಲಿ ಬರೀ ಹಸಿರಾಗಿ ಕಂಡ ಗುಡ್ಡವನ್ನು ಅವನು ನೋಡಿದ. ಅವಳ ಮುಖವನ್ನು ನೋಡಿದ. ಪಾಪ, ಗುಡ್ಡಕ್ಕಿಂತ ಮುಖವನ್ನೇ ಹೆಚ್ಚು ಹೊತ್ತು ನೋಡಿದ!

"ಟೀಚರ್ ಹೇಳಿದ ಮೇಲೆ ಮುಗೀತು," ಎಂದು ಚಿತ್ರದ ಮೇಲೆ ಪೆನ್ಸಿಲಿನಲ್ಲಿ 'ಕಾಡು' ಎಂದು ಬರೆದುಕೊಂಡ.

ಸುಳ್ಳಿಗೆ ಅಷ್ಟು ಸುಲಭವಾಗಿ ನಂಬಿಕೆ ಸಿಕ್ಕಿದ್ದು ಕಂಡು ಅವಳಿಗೇ ಭಯವಾಯಿತು.

ಆಮೇಲೆ ಅವನು ಸುತ್ತಲ ಗುಡ್ಡಗಳನ್ನು ಹತ್ತುತ್ತ ಮತ್ತೆಮತ್ತೆ ಬಂದ. ಬಿಸಿಲಲ್ಲಿ ದಣಿದು ಬಂದು ಶಾಲೆಯ ಜಗಲಿಯಲ್ಲಿ ಕೂತರೆ ಅವಳು ಬೆಲ್ಲ, ನೀರು ಕೊಡುತ್ತಿದ್ದಳು. ಆಕಾಶದ ಕಥೆ ಅವನದು, ಮಕ್ಕಳ ತುಂಟತನದ ಕಥೆ ಅವಳದು. ಯಾವಾಗ ಮಾತು ನಿಂತು ಕಣ್ಣು ಮಾತಾಡತೊಡಗಿತೋ ಇಬ್ಬರಿಗೂ ತಿಳಿಯಲಿಲ್ಲ.

ಮೇ ತಿಂಗಳ ಕೊನೆಗೆ ಅವನು ಕೇಳಿಯೇಬಿಟ್ಟ.

"ಸ್ವರ್ಣಲತಾ, ನಮ್ಮ ಅಮ್ಮನನ್ನು ನಿಮ್ಮ ಮಾವನ ಹತ್ತಿರ ಮಾತಾಡ್ಲಿಕ್ಕೆ ಕಳಿಸಲಾ?"

ಹೂಂ ಎನ್ನಲು ತುಟಿ ತೆರೆದಳು. ಅಷ್ಟರಲ್ಲಿ ಅವನೇ ಮೆಲ್ಲಗೆ ಹೇಳಿದ.

"ಇಡೀ ತಾಲೂಕಿನಲ್ಲಿ ಎಲ್ಲ ಗುಡ್ಡ ಹತ್ತಿದ್ದೇನೆ. ಒಂದನ್ನು ಮಾತ್ರ ನಿಮ್ಮ ಮಾತಿನ ಮೇಲೆ ಬಿಟ್ಟದ್ದು. ಅಷ್ಟು ನಂಬಿಕೆ ನನಗೆ."

ತುಟಿ ಮುಚ್ಚಿಕೊಂಡಿತು. ಕಣ್ಣೀರು ಬಂತು. ಅವಳು ತಿರುಗಿ ನೋಡದೆ ಹೊರಟುಹೋದಳು. ಅವನು ಅದನ್ನು 'ಬೇಡ' ಎಂದೇ ಅರ್ಥ ಮಾಡಿಕೊಂಡ.

ಮಳೆ ಬಂತು. ಆ ವರ್ಷದ ಮಳೆಯಲ್ಲಿ ಏನೋ ಸರಿಯಿರಲಿಲ್ಲ.

ಗುಡ್ಡದಿಂದ ಇಳಿಯುವ ತೋಡಿನ ನೀರು ಒಂದು ಬೆಳಿಗ್ಗೆ ಕೆಸರಾಗಿ ಬಂತು. ಶಾಲೆಯ ಬಾವಿ ಕದಡಿತು. ತರಗತಿಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚಲಾಗಲಿಲ್ಲ. ಮೇಲೆ ಹತ್ತಿ ನೋಡಿದರೆ, ಸಾಲಾಗಿ ನೆಟ್ಟಿದ್ದ ರಬ್ಬರ್ ಗಿಡಗಳೆಲ್ಲ ಒಂದೇ ಕಡೆಗೆ ವಾಲಿದ್ದವು.

"ಮಾವ, ಗುಡ್ಡ ಸರೀತಾ ಉಂಟು!"

"ಸುಮ್ಮನಿರು. ಗುಡ್ಡ ಎಲ್ಲಿಗೆ ಹೋಗ್ತದೆ?" ಎಂದು ಶೆಟ್ಟರು ಗದರಿದರು. ಆದರೆ ಅವರು ಗುಡ್ಡದ ಕಡೆಗೆ ನೋಡಲಿಲ್ಲ.

ಗುಡ್ಡದ ಕೆಳಗೆ ಹುಕ್ರಪ್ಪನ ಮನೆ, ಅದರ ಪಕ್ಕದಲ್ಲೇ ಅವನ ಅಣ್ಣತಮ್ಮಂದಿರ ಮನೆಗಳು. ಅವಳ ತರಗತಿಯ ಅರ್ಧ ಮಕ್ಕಳು ಅಲ್ಲಿಂದಲೇ ಬರುವವರು. 'ನಾನು ಕಾಡು ಎಂದೆ... ಅದಕ್ಕೇ ಅವರಿಗೆ ಯಾರೂ ಏಳಿ ಎಂದು ಹೇಳಲಿಲ್ಲ... ನನ್ನ ಮಕ್ಕಳು!'

ಅವಳು ಕೊಡೆಯನ್ನೂ ಹಿಡಿಯದೆ, ಸುಧಾಕರ ಉಳಿದುಕೊಂಡಿದ್ದ ಬಂಟ್ವಾಳಕ್ಕೆ ಬಸ್ಸು ಹತ್ತಿದಳು.

ಪ್ರವಾಸಿ ಬಂಗಲೆಯಲ್ಲಿ ಸುಧಾಕರ ಹೈದರಾಬಾದಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದ. ಪೂರ್ತಿ ಒದ್ದೆಯಾಗಿ ಬಾಗಿಲಲ್ಲಿ ನಿಂತವಳನ್ನು ಕಂಡು ಅವನ ಮುಖ ಅರಳಿತು. ಅಯ್ಯೋ, ಆ ಅರಳಿದ ಮುಖವನ್ನೇ ಅವಳು ಹೊಸಕಬೇಕಿತ್ತು!

"ಸ್ವರ್ಣಲತಾ! ನೀವು ಬರ್ತೀರಿ ಅಂತ..."

"ನಾನು ಸುಳ್ಳು ಹೇಳಿದೆ. ಆ ಗುಡ್ಡದಲ್ಲಿ ಒಂದು ಮರವೂ ಇಲ್ಲ. ಅಲ್ಲಿರುವುದು ಎಳೆ ರಬ್ಬರ್, ಬಳ್ಳಿ... ಕಡಿಸಿದ್ದು ನನ್ನ ಮಾವ."

ಹೊರಗೆ ಉಕ್ಕುತ್ತಿದ್ದ ನೇತ್ರಾವತಿಯ ಸದ್ದು ಕೋಣೆಯೊಳಗೆ ತುಂಬಿಕೊಂಡಿತು.

"ಉಪಗ್ರಹ ಸುಳ್ಳು ಹೇಳಲಿಲ್ಲ," ಅಂದ ಅವನು. "ಎಲೆ ಉಂಟು ಅಂತ ಹೇಳಿತು, ಎಲೆ ಇತ್ತು. ಬೇರು ಉಂಟಾ ಅಂತ ನಾನು ಕೇಳಿದ್ದು ನಿಮ್ಮನ್ನು!"

"ಬೈಯಿರಿ. ಬೇಕಾದರೆ ಹೊಡೆಯಿರಿ. ಆದರೆ ಮೊದಲು ಬನ್ನಿ... ಗಿಡಗಳೆಲ್ಲ ವಾಲಿವೆ."

ಅವನಿಗೆ ಬೆಳಿಗ್ಗೆಯಷ್ಟೇ ಸಹೋದ್ಯೋಗಿ ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಅರಬ್ಬಿ ಸಮುದ್ರದ ಮೇಲೆ ಮೋಡ ಗಟ್ಟಿಯಾಗಿ ಕೂತಿದೆ, ಅದಿನ್ನೂ ಘಟ್ಟಕ್ಕೆ ಬಡಿದಿಲ್ಲ ಎಂದಿದ್ದರು. ಅಂದರೆ, ಈಗ ಸುರಿಯುತ್ತಿರುವುದು ಬರೀ ಮುನ್ನುಡಿ.

"ಮೊಯಿದಿನಬ್ಬಾ, ಜೀಪು ತೆಗಿ!" ಎಂದು ಡ್ರೈವರನ್ನು ಕೂಗಿದ.

ದಾರಿಯುದ್ದಕ್ಕೂ ಅವನು ಅವಳ ಕಡೆಗೆ ತಿರುಗಲಿಲ್ಲ.

ಗುಡ್ಡದ ಬುಡದಲ್ಲಿ ಶೀನಪ್ಪ ಶೆಟ್ಟರು ಅಡ್ಡ ನಿಂತರು. "ಕೇಸು ಹಾಕ್ಲಿಕ್ಕೆ ಬಂದದ್ದಾ? ಇವಳೇ ಕರ್ಕೊಂಡು ಬಂದಳಾ?"

"ಕೇಸು ಮತ್ತೆ, ಶೆಟ್ರೇ. ನನ್ನೊಟ್ಟಿಗೆ ಒಮ್ಮೆ ಮೇಲೆ ಬನ್ನಿ. ಏನೂ ಇಲ್ಲದಿದ್ದರೆ ನಾನೇ ಕಾಲು ಹಿಡಿದು ಕ್ಷಮೆ ಕೇಳ್ತೇನೆ."

ಮೂವರೂ ಹತ್ತಿದರು. ಕಾಲಿಟ್ಟಲ್ಲೆಲ್ಲ ನೆಲ ಮೆತ್ತಗೆ ಕುಸಿಯುತ್ತಿತ್ತು. ಗುಡ್ಡದ ತಲೆಯ ಹತ್ತಿರ ಹೋಗಿ ಸುಧಾಕರ ಬಳ್ಳಿಯನ್ನು ಎರಡೂ ಕೈಗಳಿಂದ ಬಗೆದ.

ಕೆಳಗೆ ಬಿರುಕು! ಗುಡ್ಡದ ಈ ಬದಿಯಿಂದ ಆ ಬದಿಯವರೆಗೆ ನೆಲ ಬಾಯಿ ಬಿಟ್ಟಿತ್ತು. ಮಳೆಯ ನೀರೆಲ್ಲ ಗಳಗಳನೆ ಅದರೊಳಗೆ ಇಳಿಯುತ್ತಿತ್ತು. ಹಸಿರು ಬಳ್ಳಿ ಅದರ ಮೇಲೆ ಅಂದವಾಗಿ ಹಬ್ಬಿಕೊಂಡಿತ್ತು.

ಶೆಟ್ಟರು ಬಗ್ಗಿ ನೋಡಿದರು. ಮರುಕ್ಷಣ ಆ ಮುದುಕ ಜಾರುತ್ತ, ಬೀಳುತ್ತ ಕೆಳಗೆ ಓಡಿದ್ದನ್ನು ನೋಡಬೇಕಿತ್ತು.

"ಹುಕ್ರಪ್ಪಾ! ಮಕ್ಕಳನ್ನು ಎತ್ತಿಕೋ! ಎಲ್ಲರೂ ಏಳಿ! ತಪ್ಪು ನನ್ನದು ಮಾರಾಯ, ಬೈಗುಳ ಆಮೇಲೆ, ಈಗ ಓಡಿ!"

ಮೊಯಿದಿನಬ್ಬನ ಜೀಪು ಹೋಗಿ ಬಂದು, ಹೋಗಿ ಬಂದು ಜನರನ್ನು ಬೆಳ್ತಂಗಡಿಗೆ ಸಾಗಿಸಿತು. ಹಿಂದೆ ಉಳಿದವರು ಎದುರಿನ ದಿಬ್ಬ ಸೇರುವ ಹೊತ್ತಿಗೆ ಕೋಳಿ, ಹಕ್ಕಿ, ಕಪ್ಪೆ, ಎಲ್ಲ ಸದ್ದು ಒಮ್ಮೆಲೇ ನಿಂತಿತು. ಹಗಲಿನ ಬೆಳಕಲ್ಲೇ, ಎಲ್ಲರ ಕಣ್ಣೆದುರೇ, ಗುಡ್ಡ ಹೊರಟಿತು. ಶಾಲೆ ಹೋಯಿತು. ಹುಕ್ರಪ್ಪನ ಮನೆ, ಶೆಟ್ಟರ ಮನೆ ಎರಡೂ ಒಂದೇ ಮಣ್ಣಿನೊಳಗೆ ಹೋದವು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುಗಳು ಒಮ್ಮೆ ಕೂಗಿದವು, ಮತ್ತೆ ಕೂಗಲಿಲ್ಲ.

ಸ್ವರ್ಣಲತಾ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಮರುದಿನ. ಜನರೆಲ್ಲ ಆಸರೆ ಪಡೆದಿದ್ದ ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಅವಳು ಮಕ್ಕಳಿಗೆ ಗಂಜಿ ಬಡಿಸುತ್ತಿದ್ದಳು. ಸುಧಾಕರ ಬಾಗಿಲಲ್ಲಿ ಬಂದು ನಿಂತ. ಕಣ್ಣುಗಳು ಕೆಂಪಾಗಿದ್ದವು. ಅವಳು ತಲೆ ತಗ್ಗಿಸಿದಳು.

"ವರದಿ ಬರೀತಾ ಇದ್ದೇನೆ," ಅಂದ ಅವನು. "ನನ್ನ ತಪ್ಪನ್ನೇ ಮೊದಲು ಬರೆದೆ. ಹತ್ತಿ ನೋಡ್ಬೇಕಾದವನು ನಾನು. ಹತ್ತಲಿಲ್ಲ."

"ನಾನು ತಡೆದದ್ದು..."

"ನೀವು ತಡೆದದ್ದು ಹೌದು. ನಿಂತದ್ದು ನಾನು."

"ನನ್ನದೂ ಬರೆ," ಗೋಡೆಗೊರಗಿ ಕೂತಿದ್ದ ಶೀನಪ್ಪ ಶೆಟ್ಟರು ಒಮ್ಮೆಲೇ ಅಂದರು. "ಕಡಿಸಿದ್ದು ಶೀನಪ್ಪ ಅಂತ ಹೆಸರು ಹಾಕಿಯೇ ಬರೆ. ಕೇಸಾಗಲಿ, ಜೈಲಾಗಲಿ. ಮಕ್ಕಳು ಉಳಿದರಲ್ಲ, ಸಾಕು." ಸೊಸೆಯನ್ನು ನೋಡಿ, ಸುಧಾಕರನ ಕಡೆಗೆ ತಿರುಗಿದರು. "ನಾನು ಒಳಗೆ ಹೋದರೆ ಇವಳಿಗೆ ಯಾರುಂಟು?... ನಿನ್ನ ಬರಿ ಯಾವುದು?"

ಸ್ವರ್ಣಲತಾಳ ಕೈಯಲ್ಲಿದ್ದ ಸೌಟು ನಿಂತಿತು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ, ಅವರಲ್ಲಿ ಸಂಬಂಧವಿಲ್ಲ. ಹಿರಿಯರು ಹುಡುಗನ ಬರಿ ಕೇಳುವುದು ಒಂದೇ ಒಂದು ಕಾರಣಕ್ಕೆ!

ಸುಧಾಕರ ಬರಿಯ ಹೆಸರು ಹೇಳಿದ. ಅವಳು ಉಸಿರು ಹಿಡಿದಳು.

"ನಮ್ಮದಲ್ಲ," ಅಂದರು ಶೆಟ್ಟರು. ಕಣ್ಣೊರೆಸಿಕೊಂಡು ಆಚೆ ತಿರುಗಿ ಕೂತರು.

ಹೊರಗೆ ಮತ್ತೆ ಮೋಡ ಕಟ್ಟುತ್ತಿತ್ತು. ಜಗಲಿಯಲ್ಲಿ ಇಬ್ಬರೇ ನಿಂತರು.

"ಇವತ್ತೇ ಹೊರಡ್ತೇನೆ," ಅಂದ. "ಬಳ್ಳಿ ಹಬ್ಬಿದ ಗುಡ್ಡ ಇನ್ನೆಷ್ಟು ಉಂಟೋ. ಚಿತ್ರದಲ್ಲಿ ಎಲ್ಲವೂ ಕಾಡಿನ ಹಾಗೇ ಕಾಣ್ತದೆ. ದೊಡ್ಡ ಮಳೆ ಬರುವ ಮೊದಲು ಮತ್ತೆ ಹತ್ತಬೇಕು."

"ವಾಪಸ್ ಬರ್ತೀರಲ್ಲ?"

"ಬರ್ತೇನೆ."

"ಹೂಂ... ನಂಬಿದೆ."

"ನಂಬಬೇಡ ಮಾರಾಯ್ತಿ," ಮೊದಲ ಸಲ ಅವಳನ್ನು ಏಕವಚನದಲ್ಲಿ ಮಾತಾಡಿಸಿ ಅವನು ಕೈ ಚಾಚಿದ. ಬಿರುಕಿನ ಮಣ್ಣು ಇನ್ನೂ ಉಗುರಲ್ಲಿತ್ತು. "ದೂರದಿಂದ ನಂಬಿದ್ದು ಸಾಕು. ಹಿಡಿದು ನೋಡು."

ಅವಳು ಹಿಡಿದಳು.