ಮಿರುಗಯ್ಯನ ಕಪಾಟು

ಬಹಳ ಬಹಳ ಹಿಂದೆ, ಗೋಡೆಗಳು ಉಸಿರಾಡುತ್ತಿದ್ದ ಕಾಲದಲ್ಲಿ, ಕೆಮ್ಮಣ್ಣುನಾಡು ಎಂಬ ರಾಜ್ಯವಿತ್ತು. ಆ ನಾಡಿನ ಹಳ್ಳಿಹಳ್ಳಿಯಲ್ಲೂ ಮುತ್ತಜ್ಜನ ಮುತ್ತಜ್ಜ ಕಟ್ಟಿಸಿದ ವಾಡೆಗಳಿದ್ದವು. ವಾಡೆ ಎಂದರೆ ಆನೆ ನುಗ್ಗುವಂಥ ಬಾಗಿಲಿನ ದೊಡ್ಡ ಮನೆ. ಅಂಥ ಮನೆಗಳ ಗೋಡೆಗೆ ಸುಣ್ಣ ಬಳಿದು, ಕಪ್ಪುಗಟ್ಟಿದ ಕಂಬ, ಕಿಟಕಿ, ಕಪಾಟುಗಳನ್ನು ಉಜ್ಜಿ ಎಣ್ಣೆ ಹಚ್ಚಿ ಹೊಸದು ಮಾಡುವ ಅಣ್ಣ ತಂಗಿ ಇದ್ದರು. ಅಣ್ಣ ಕೆಂಚಪ್ಪ, ತಂಗಿ ದ್ಯಾಮವ್ವ. ತಾಯಿತಂದೆ ಇಲ್ಲದ ಅವರಿಗೆ ಒಬ್ಬರಿಗೊಬ್ಬರೇ ದಿಕ್ಕು.

ಕೆಂಚಪ್ಪನದು ಆಮೆಯ ನಡಿಗೆ. ಒಂದು ಕಿಟಕಿಗೆ ಒಂದು ವಾರ ಹಿಡಿದರೂ ಅವನಿಗೆ ಅವಸರವಿಲ್ಲ. ದ್ಯಾಮವ್ವನ ಕೈ ಬಲು ಚುರುಕು, ತಾಳ್ಮೆ ಮಾತ್ರ ಸಾಸಿವೆ ಕಾಳಿನಷ್ಟು. ಅನ್ನ ಬೆಂದಿದೆಯೋ ಇಲ್ಲವೋ ಎಂದು ಹತ್ತು ಸಲ ಮುಚ್ಚಳ ತೆಗೆದು ನೋಡುವ ಹುಡುಗಿ ಅವಳು. ಹೊಸ ಮನೆಗೆ ಕಾಲಿಟ್ಟಾಗಲೆಲ್ಲ ಕೆಂಚಪ್ಪ ಅದೇ ಪಾಠ ಒಪ್ಪಿಸುತ್ತಿದ್ದ.

"ತೆರೆದು ನೋಡು, ಕೆರೆದು ನೋಡು, ಕಾದು ನೋಡು. ಬಾಗಲಾ ತೆಗೀದ ಬಣ್ಣಾ ಹಚ್ಚಬ್ಯಾಡ ತಂಗಿ. ಹಳೇದು ಕೆರೀದ ಹೊಸಾದು ಬಳೀಬ್ಯಾಡ. ಕೆಲಸ ಹಿಡಿದ ಮ್ಯಾಲೆ ಅವಸರ ಮಾಡಬ್ಯಾಡ."

"ಹೂಂ ಅಣ್ಣಾ, ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವು," ಎನ್ನುತ್ತಿದ್ದಳು ದ್ಯಾಮವ್ವ. ಕೇಳಿದ್ದು ಕಿವಿಯಲ್ಲೇ ಉಳಿಯುತ್ತಿತ್ತು, ಕೈಗೆ ಇಳಿಯುತ್ತಿರಲಿಲ್ಲ.

ಒಂದು ದಿನ ಮಿರುಗಯ್ಯನೆಂಬ ಸಾಹುಕಾರ ತನ್ನ ವಾಡೆಗೆ ಬಣ್ಣ ಹಚ್ಚಲು ಅವರನ್ನು ಕರೆಸಿದ. ಮುಖ ನೋಡಿದರೆ ಮೂವತ್ತರ ಪ್ರಾಯ, ಕನ್ನಡಿಯಂಥ ಹೊಳಪು. ಆದರೆ ಅವನು ಮಂತ್ರವಾದಿ, ವಯಸ್ಸು ಮುನ್ನೂರು. ಮನುಷ್ಯರನ್ನು ಕಪಾಟಿನಲ್ಲಿ ಮುಚ್ಚಿ, ಅವರ ಆಯುಷ್ಯವನ್ನು ತಾನು ಕುಡಿದು ಬದುಕುತ್ತಿದ್ದ. ನಾಡಿನ ಎಷ್ಟೋ ವಾಡೆಗಳಲ್ಲಿ ಅಂಥ ಕಪಾಟುಗಳಿದ್ದವು. ಅವನ ಮಾಯೆಗೆ ಒಂದೇ ಕಟ್ಟು: ಬಣ್ಣ ಬಳಿದು ಸಂದು ಮುಚ್ಚುವ ಕೈ ಅವನದಾಗಿರಬಾರದು, ಒಳಗಿರುವವರ ಸ್ವಂತದವರದೇ ಆಗಿರಬೇಕು.

ನಡುಮನೆಯ ಗೋಡೆಯಲ್ಲಿ ಆಳೆತ್ತರದ ಸಾಗವಾನಿ ಕಪಾಟಿತ್ತು. ಕೆಂಚಪ್ಪ ಒಳಹೊಕ್ಕು ಹಲಗೆಗಳನ್ನು ಕೆರೆಯುತ್ತಿದ್ದ. ದ್ಯಾಮವ್ವ ಹಿತ್ತಲಲ್ಲಿ ಸುಣ್ಣ ಕಲಸುತ್ತಿದ್ದಳು. ಮಿರುಗಯ್ಯ ಮೆಲ್ಲಗೆ ಬಂದು ಕಪಾಟಿನೊಳಗೆ ಒಮ್ಮೆ ಉಸಿರು ಊದಿದ. ಕೆಂಚಪ್ಪ ಕೂತಲ್ಲೇ ನಿದ್ದೆಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಆಮೇಲೆ ಮಂತ್ರವಾದಿ ಹಿತ್ತಲಿಗೆ ಬಂದು ನಗುನಗುತ್ತ ಹೇಳಿದ: "ನಿಮ್ಮಣ್ಣ ಕೆರಿ ಕಡೆ ಹೋಗ್ಯಾನ, ತಂಗಿ. ನಾಳೆ ಮಹಾರಾಜರು ಇಲ್ಲಿಗೆ ಬರ್ತಾರ. ಹೊತ್ತು ಮುಳುಗೂದ್ರಾಗ ಆ ಕಪಾಟು ಥಳಥಳ ಅಂದ್ರ ನೀವಿಬ್ಬರೂ ಅರಮನೀ ಬಣ್ಣಗಾರರು. ತಗೋ, ಈ ಬಣ್ಣ ಹಚ್ಚು."

ಅರಮನೆ ಎಂದ ಕೂಡಲೇ ದ್ಯಾಮವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣ ಬರುವುದರೊಳಗೆ ಮುಗಿಸಿ ಅವನ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡಳು. ಬಾಗಿಲು ತೆರೆಯಲಿಲ್ಲ, ಹಳೆಯ ಬಣ್ಣ ಕೆರೆಯಲಿಲ್ಲ. ಬಿಳಿ ಬಣ್ಣವನ್ನು ಮೇಲಿಂದ ಕೆಳಗೆ ಸರಸರನೆ ಬಳಿದೇಬಿಟ್ಟಳು. ಕೊನೆಯ ಸಲ ಕುಂಚ ಎಳೆದಾಗ ಬಾಗಿಲ ಸಂದು ಕೂಡಿಕೊಂಡು ಮಾಯವಾಯಿತು. ಒಳಗಿನಿಂದ ಟಕ್, ಟಕ್, ಟಕ್ ಎಂದು ಸದ್ದು ಬಂತು.

"ಅಣ್ಣಾ!" ಎಂದು ಕಿರುಚಿ ದ್ಯಾಮವ್ವ ಕೊಡಲಿಗೆ ಕೈ ಹಾಕಿದಳು.

"ಹೊಡಿ, ಹೊಡಿ," ಎಂದು ಮಿರುಗಯ್ಯ ನಕ್ಕ. "ಕಪಾಟಿಗೆ ಬೀಳೂ ಏಟು ಅವಂಗೂ ಬೀಳ್ತೈತಿ. ಅವನ್ನ ಮುಚ್ಚಿದಾಕಿ ನೀನು, ನಾನಲ್ಲ. ಮೂರನೇ ದಿನ ಹೊತ್ತು ಮುಳುಗಿದ್ರ ಅವನ ಆಯುಷ್ಯ ನಂದು. ಅದರೊಳಗ ಬರೀ ಮರಾ ಕಂಡ್ರ ನನ್ನ ಮಾಯೆ ಈ ನಾಡಾಗೆಲ್ಲಾ ಮುರೀತೈತಿ. ಮುನ್ನೂರು ವರ್ಷದಾಗ ಕಂಡವರಿಲ್ಲ. ಆ ಬಣ್ಣಕ್ಕ ಕಾವಲೈತಿ."

ದ್ಯಾಮವ್ವ ಎದೆ ಎದೆ ಬಡಿದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಕಪಾಟಿನ ಮುಂದೆ ಕೂತಳು.

ಮೊದಲ ದಿನ ಉಳಿ ಇಟ್ಟೊಡನೆ ಬಣ್ಣದೊಳಗಿಂದ ಹಸಿರು ಹಾವೊಂದು ಹೆಡೆಯೆತ್ತಿತು.

"ನನ್ನ ಕೆಳಗೆ ಏನೇನಿದೆ? ಕೆರೆಯದೆ ಹೇಳು. ತಪ್ಪಿದರೆ ಕಚ್ಚುತ್ತೇನೆ," ಎಂದಿತು.

ದ್ಯಾಮವ್ವ ಹಿಂದಿನ ದ್ಯಾಮವ್ವ ಆಗಿದ್ದರೆ ಬಾಯಿಗೆ ಬಂದದ್ದು ಹೇಳಿ ಕಚ್ಚಿಸಿಕೊಳ್ಳುತ್ತಿದ್ದಳು. ಈಗ ತಡೆದಳು. ಬಾಗಿಲಿನ ಅಡಿಯಿಂದ ಮುಡಿಯವರೆಗೆ ಬೆರಳಾಡಿಸಿದಳು. ಎಂಥ ಬಣ್ಣಗಾರನ ಕುಂಚವೂ ಕಬ್ಬಿಣದ ಕೀಲಿನ ಬೆನ್ನಿಗೆ ಪೂರ್ತಿ ಹೋಗುವುದಿಲ್ಲ. ಅಲ್ಲಿ ಹಳೆಯ ಬಣ್ಣಗಳ ಅಂಚು ಒಂದರ ಕೆಳಗೊಂದು ಬಯಲಾಗಿ ನಿಂತಿರುತ್ತದೆ. ನೆಲಕ್ಕೆ ಕೆನ್ನೆ ಹಚ್ಚಿ ಕೆಳಗಿನ ಕೀಲಿನ ಹಿಂದೆ ಇಣುಕಿದಳು.

"ನಿನ್ನ ಕೆಳಗ ಹಳದಿ. ಹಳದಿ ಕೆಳಗ ಕರಿ. ಕರಿ ಕೆಳಗ ಸಾಗವಾನಿ," ಎಂದಳು.

"ಕಣ್ಣಿದೆ ನಿನಗೆ," ಎಂದು ಹಾವು ಸರಿದುಹೋಯಿತು. ಹಸಿರು ಬಣ್ಣ ಅದರೊಂದಿಗೆ ಪೊರೆಯ ಹಾಗೆ ಕಳಚಿತು. ಕೆರೆಯದೆ ಬಳಿದ ಬಿಳಿಯೂ ಹಿಡಿತವಿಲ್ಲದೆ ಉದುರಿತು. ಒಳಗಿಂದ ಟಕ್, ಟಕ್ ಎಂದು ಎರಡೇ ಸದ್ದು ಬಂತು.

ಎರಡನೆಯ ದಿನ ಹಳದಿ ಹುಲಿಯೊಂದು ಎದ್ದು ನಿಂತಿತು.

"ಕೆರೆ. ಮರಕ್ಕೆ ಒಂದೇ ಒಂದು ಗಾಯವಾದರೂ ನಿನ್ನನ್ನು ತಿನ್ನುತ್ತೇನೆ," ಎಂದು ಪಕ್ಕದಲ್ಲೇ ಕೂತು ಬಾಲ ಬಡಿಯತೊಡಗಿತು.

ದ್ಯಾಮವ್ವ ಉಳಿಯನ್ನು ದೂರ ಇಟ್ಟಳು. ಗರಗತ್ತಿ ಮರದ ಒರಟು ಎಲೆಗಳನ್ನು ತಂದು, ಮರದ ಗೆರೆ ಹೋದತ್ತಲೇ ಕೈ ಹೋಗುವಂತೆ ಉಜ್ಜಿದಳು. ಒಂದು ಎಲೆ ಸವೆದರೆ ಇನ್ನೊಂದು, ಅದು ಸವೆದರೆ ಮತ್ತೊಂದು. ಮಧ್ಯಾಹ್ನ ದಾಟಿತು, ಬೆರಳ ತುದಿ ಒಡೆಯಿತು. ಹುಲಿಗೆ ಆಕಳಿಕೆ ಬಂತು. ಸಂಜೆ ಅದು ಮೂಸಿ ನೋಡಿತು, ನೆಕ್ಕಿ ನೋಡಿತು, ಗಾಯ ಸಿಗಲಿಲ್ಲ. "ಇಡೀ ದಿನ ಹಸಿದು ಕೂತದ್ದೇ ಬಂತು," ಎಂದು ಗೊಣಗುತ್ತ ಹಳದಿಯನ್ನೆಲ್ಲ ಮೈಗೆ ಬಳಿದುಕೊಂಡು ಹೊರಟುಹೋಯಿತು. ಒಳಗಿಂದ ಟಕ್ ಎಂದು ಒಂದೇ ಸದ್ದು ಬಂತು.

ಮೂರನೆಯ ದಿನ ಉಳಿದದ್ದು ಕರಿ. ಅದು ಎಲೆಗೆ ಜಗ್ಗುವ ಬಣ್ಣವಲ್ಲ. ದ್ಯಾಮವ್ವ ಅಗಸರು ಬಟ್ಟೆ ಒಗೆಯಲು ಬಳಸುವ ಚೌಳುಮಣ್ಣನ್ನು ಸುಣ್ಣದಲ್ಲಿ ಕಲಸಿ, ಕೈಗೆ ಬಟ್ಟೆ ಸುತ್ತಿಕೊಂಡು, ಬಾಗಿಲಿಗೆ ದಪ್ಪಗೆ ಮೆತ್ತಿದಳು. ಈ ಲೇಪ ಒಣಗಿ ತಾನಾಗಿ ಬಿರಿಯಬೇಕು, ಆಗ ಬಣ್ಣ ಬುಡಸಮೇತ ಏಳುತ್ತದೆ. ಹಸಿ ಇರುವಾಗ ಕೆರೆದರೆ ಕರಿ ಕರಗಿ ಮರದೊಳಗೆ ಇಳಿಯುತ್ತದೆ, ಮತ್ತೆಂದೂ ಹೊರಬರುವುದಿಲ್ಲ.

ಆಗ ಕಪಾಟಿನ ಮೇಲೆ ಕರಿಯ ಕರಡಿಯೊಂದು ಬಂದು ಕೂತಿತು. ಅದು ಗದರಿಸಲಿಲ್ಲ. ಕೆಂಚಪ್ಪನ ದನಿಯಲ್ಲಿ ನರಳಿತು.

"ದ್ಯಾಮೀ, ಉಸಿರು ಕಟ್ಟಾಕತ್ತೈತಿ. ಲಗೂನ ಕೆರೀ."

ದ್ಯಾಮವ್ವ ದಡಕ್ಕನೆ ಎದ್ದಳು. ಉಳಿ ಎತ್ತಿಕೊಂಡಳು, ಲೇಪ ಮುಟ್ಟಿ ನೋಡಿದಳು, ಇನ್ನೂ ಹಸಿ. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಒಳಗಿನ ಸದ್ದು ನಿಂತೇಹೋಗಿತ್ತು. ಬಾಗಿಲಲ್ಲಿ ನಿಂತ ಮಿರುಗಯ್ಯನ ಮುಖ ಇನ್ನಷ್ಟು ಹೊಳೆಯಿತು.

"ಲಗೂನ ತಂಗೀ! ಸಾಯಾಕತ್ತೀನಿ! ಲಗೂ ಮಾಡ!"

ಉಳಿ ಲೇಪಕ್ಕೆ ತಾಗುವುದರಲ್ಲಿತ್ತು. ಅಲ್ಲೇ ನಿಂತಿತು.

"ನೀ ನಮ್ಮಣ್ಣ ಅಲ್ಲ," ಎಂದಳು ದ್ಯಾಮವ್ವ. ಅಳುತ್ತಲೇ ಹೇಳಿದಳು. "ನಮ್ಮಣ್ಣನ ಬಾಯಾಗ ಹುಟ್ಟಿದಾಗಿನಿಂದ ಲಗೂ ಅನ್ನೂ ಅವಸರದ ಮಾತು ಬಂದಿಲ್ಲ. ಮನಿಗೆ ಬೆಂಕಿ ಬಿದ್ದರೂ ತಡಿ, ಚಪ್ಪಲಿ ಹಾಕ್ಕೋತೀನಿ ಅನ್ನೂ ಮನಷ್ಯಾ ಅಂವ."

ಉಳಿಯನ್ನು ಕೆಳಗಿಟ್ಟು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ಕರಡಿ ಅತ್ತಿತು, ಕರೆಯಿತು, ಬೇಡಿತು. ದ್ಯಾಮವ್ವ ತುಟಿ ಕಚ್ಚಿ ಕಾದಳು. ಜೀವಮಾನದಲ್ಲಿ ಅವಳು ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಸೂರ್ಯ ಅರ್ಧ ಮುಳುಗಿದಾಗ ಲೇಪ ಚಟ್ ಎಂದು ಬಿರಿಯಿತು. ಕರಿಯ ಬಣ್ಣ ಒಂದೇ ಹಪ್ಪಳವಾಗಿ ಎದ್ದು ಬಿತ್ತು, ಕರಡಿಯೂ ಅದರೊಂದಿಗೇ ಪುಡಿಯಾಯಿತು. ಕೆಳಗೆ ಜೇನಿನ ಬಣ್ಣದ ಬರೀ ಮರ ಕಂಡಿತು. ಬಾಗಿಲ ಸಂದು ಮೂಡಿತು, ಕೀಲು ಕಿರ್ರೆಂದಿತು.

ಮಿರುಗಯ್ಯ ಓಡಲು ನೋಡಿದ. ಅವನ ಮುಖದ ಹೊಳಪು ಹಕ್ಕಳೆ ಹಕ್ಕಳೆಯಾಗಿ ಎದ್ದು, ಒಂದೊಂದು ಚೂರೂ ತನ್ನ ಒಡೆಯರನ್ನು ಹುಡುಕುತ್ತ ಕಿಟಕಿಯಿಂದ ಹಾರಿಹೋಯಿತು. ಕೊನೆಗೆ ಉಳಿದದ್ದು ಒಂದು ಹಿಡಿ ಮಸಿ. ಆ ಸಂಜೆ ಕೆಮ್ಮಣ್ಣುನಾಡಿನ ಊರೂರಿನಲ್ಲೂ ಮುಚ್ಚಿದ ಕಪಾಟುಗಳು ತೆರೆದುಕೊಂಡವು. ಕಳೆದುಹೋದ ಅಪ್ಪಂದಿರು, ಅತ್ತೆಯರು, ಮಕ್ಕಳು ಕಣ್ಣುಜ್ಜುತ್ತ ಹೊರಬಂದರು. ಮನೆಮನೆಯಲ್ಲೂ ಒಲೆ ಹೊತ್ತಿತು, ಮಾತು ಮುಗಿಯಲೇ ಇಲ್ಲ. ಆಮೇಲೆ ಅವರೆಲ್ಲ ನೂರು ಕಾಲ ನೆಮ್ಮದಿಯಾಗಿ ಬಾಳಿದರು, ಅಣ್ಣ ತಂಗಿಯೂ ಬಾಳಿದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ಕೆಂಚಪ್ಪ ಕಪಾಟಿನಿಂದ ನಿಧಾನವಾಗಿ ಒಂದು ಕಾಲು ಹೊರಗಿಟ್ಟ, ಆಮೇಲೆ ಇನ್ನೊಂದು. ದ್ಯಾಮವ್ವ ಅವನ ಪಾದಕ್ಕೆ ಬಿದ್ದು ಬಿಕ್ಕಿದಳು.

"ಅಣ್ಣಾ, ನನ್ನ ಕೈಯಾರೆ ನಿನ್ನ ಮುಚ್ಚಿದ್ನಿ. ತೆರೆದು ನೋಡಲಿಲ್ಲ ನಾ."

ಕೆಂಚಪ್ಪ ಅವಳನ್ನೆತ್ತಿದ. ಒಡೆದ ಬೆರಳುಗಳನ್ನು ನೋಡಿದ, ಬಾಗಿಲ ಮೇಲೆ ಅಂಗೈ ಆಡಿಸಿದ. ಒಂದು ಗಾಯವಿಲ್ಲ, ಒಂದು ಕಲೆಯಿಲ್ಲ.

"ಒಳಗ ಕುಂತು ಮೂರು ದಿನಾ ಕೈ ಸಪ್ಪಳ ಕೇಳಿದ್ನಿ," ಎಂದ. "ಯಾವ ಊರಿನ ಹಿರಿಯರು ಬಂದಾರೋ, ಎಂಥಾ ಹದದ ಕೈ ಅಂತ ಕೈ ಮುಗದು ಕುಂತಿದ್ನಿ. ಅದು ನೀ ಅಂತ ಗೊತ್ತಾಗಲಿಲ್ಲ, ತಂಗಿ."