ತೊಳೆದ ಬೆಂಚು

ಮರೆತ ಟೋಪಿಗೆಂದು ಅವಳು ತಿರುಗಿ ಬಂದಾಗ, ತಾನು ಈಗಷ್ಟೇ ಕೂತು ಎದ್ದ ಬೆಂಚನ್ನೂ ಅದರಡಿಯ ನೆಲವನ್ನೂ ಜೇನು ಸಾಕುವವನು ಉಜ್ಜಿ ಉಜ್ಜಿ ತೊಳೆಯುತ್ತಿದ್ದ.

"ಏನದು?"

"ಧೂಳು."

"ನಾನು ಕೂತ ಜಾಗದಲ್ಲೇನಾ ಧೂಳು?"

ಅವನು ಬಕೆಟ್ಟನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದ. ಬಚ್ಚಿಡಲು ಬಾರದ ಮನುಷ್ಯ, ಕಿವಿಯವರೆಗೂ ಕೆಂಪಾಗಿದ್ದ.

ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ ನಕ್ಕಳು. "ಪ್ರತಿ ಸಲ ಇದೇ ಕಥೆ ಮೇಡಂ. ನೀವು ಗೇಟು ದಾಟೋದೇ ತಡ, ನೀರು ಕಾಯಿಸ್ತಾನೆ. ತಾನು ಉಂಡ ತಟ್ಟೆ ತೊಳೆಯೋಕೆ ಮಾತ್ರ ಕೈನೋವು."

ಮೇಡಂ ನಗಲಿಲ್ಲ. ಕಾಡಿನ ಕರಡಿಗಳನ್ನು ಎಣಿಸಿ ಕಾಯುವುದು ಅವಳ ಕೆಲಸ. ಅಂಗಳದ ಮೂಲೆಯಲ್ಲಿ ಕಬ್ಬಿಣದ ಪಂಜರ ಬಂದು ಕೂತಿತ್ತು. ಜೇನುಪೆಟ್ಟಿಗೆ ಒಡೆಯಲು ಬರುತ್ತಿದ್ದ ತಾಯಿಕರಡಿ ಇನ್ನೊಮ್ಮೆ ಬಂದರೆ ಹಿಡಿದು ಸಾಗಿಸುವುದೆಂದು ಅವಳ ಅರಣ್ಯ ಇಲಾಖೆಯ ಆಫೀಸಿನಲ್ಲಿ ತೀರ್ಮಾನವಾಗಿತ್ತು.

ಅವಳು ಬಗ್ಗಿ ಬೆಂಚಿನಡಿ ಕೈಯಾಡಿಸಿದಳು. ಕರಡಿಯನ್ನು ಸೆಳೆಯಲು ಇಟ್ಟಿರಬಹುದಾದ ಜೇನುತಟ್ಟಿಯ ಒಂದು ಚೂರೂ ಸಿಗಲಿಲ್ಲ. ಎಲ್ಲ ತೊಳೆದುಬಿಟ್ಟಿದ್ದಾನೆಂಬ ಅನುಮಾನ ಇನ್ನೂ ಹೆಚ್ಚಾಯಿತು. ಇದೇ ಬೆಂಚಿನಲ್ಲಿ ಕೂತು, ಟೀ ಲೋಟದ ಅಂಚಿನ ಮೇಲಿಂದ ತನ್ನನ್ನು ಕದ್ದು ನೋಡುತ್ತಿದ್ದ ಕಣ್ಣುಗಳಲ್ಲಿ ಈ ಮೋಸವೂ ಅಡಗಿತ್ತೇ?

"ನಾನು ಬಂದುಹೋದ ಮೇಲೇ ಕರಡಿ ಬರುತ್ತೆ. ಪ್ರತಿ ಸಲ. ಏನಾದ್ರೂ ಇಟ್ಟು ಕರೀತಿದ್ದೀರಾ? ಅದು ತೊಲಗಿದ್ರೆ ಸಾಕು ಅಂತಾನಾ?"

"ಇಲ್ಲ."

"ಮರಿಗಳು ಇನ್ನೂ ಹಾಲು ಕುಡೀತಿವೆ. ತಾಯಿ ಪಂಜರ ಸೇರಿದ್ರೆ ಅವು ಬದುಕಲ್ಲ. ಗೊತ್ತಾ?"

"ಗೊತ್ತು."

"ಮತ್ತೆ ಯಾಕೆ ಬಾಯಿ ಬಿಡ್ತಿಲ್ಲ?"

ಅವನು ಅವಳ ಮುಖ ನೋಡಲಾರದೆ ಕಾಲುಗಳನ್ನು ನೋಡಿದ. "ನಿಮ್ಮ ಬೂಟು, ಮೇಡಂ."

ಅವಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಕಾಲೆತ್ತಿ ಬೂಟಿನ ಅಟ್ಟೆ ನೋಡಿಕೊಂಡಳು.

ಕಾಡಿನಲ್ಲಿ ಮರಗಳ ಸುತ್ತ ಮುಳ್ಳುತಂತಿ ಬಿಗಿದು, ನಡುವಿನ ತರಗೆಲೆಗೆ ಕೊಳೆತ ಮೀನಿನ ನೀರು ಸುರಿಯುತ್ತಿದ್ದಳು. ವಾಸನೆಗೆ ಬಂದ ಕರಡಿ ತಂತಿಗೆ ಕೂದಲು ಬಿಟ್ಟುಹೋಗುತ್ತದೆ. ಕೂದಲಿನಿಂದ ಯಾವ ಕರಡಿಯೆಂದು ಗೊತ್ತಾಗುತ್ತದೆ. ಅವಳ ಮೂಗು ಆ ನಾತಕ್ಕೆ ಒಗ್ಗಿಹೋಗಿತ್ತು. ಅಲ್ಲಿಂದ ನೇರ ಇಲ್ಲಿಗೆ, ಟೀ ನೆಪಕ್ಕೆ. ಕರಡಿಗೆ ದಾರಿ ತೋರಿಸಿದವಳು ಅವಳೇ.

"ಯಾಕೆ ಹೇಳಲಿಲ್ಲ?"

"ನಾರ್ತೀರಿ ಅಂತ ನಿಮಗೆ ಹೇಗೆ ಹೇಳಲಿ?" ಬಕೆಟ್ಟಿನತ್ತ ನೋಡುತ್ತ, "ಹೇಳಿದ್ರೆ ಬರೋದು ಬಿಡ್ತಿದ್ರಿ. ತೊಳೆದ್ರೆ ಸಾಕು ಅಂದುಕೊಂಡೆ. ಸಾಲಲಿಲ್ಲ."

"ನನಗಾದ್ರೂ ಹೇಳಬಾರದಿತ್ತೇನೋ, ಕತ್ತೆ," ಎಂದಳು ಅಕ್ಕ. ಈ ಸಲ ಅವಳೂ ನಗಲಿಲ್ಲ.

ಮೇಡಂ ಫೋನು ತೆಗೆದಳು. "ಸರ್, ಪಂಜರ ವಾಪಸ್ ತರಿಸಿಕೊಳ್ಳಿ. ಕರಡಿ ತಾನಾಗಿ ಬಂದಿದ್ದಲ್ಲ, ನಾನೇ ಕರೆದ ಹಾಗಾಗಿದೆ... ಹೌದು ಸರ್, ನನ್ನದೇ ತಪ್ಪು. ಬರೆದುಕೊಡ್ತೀನಿ. ಏನು ಶಿಕ್ಷೆ ಕೊಟ್ರೂ ಸರಿ."

ಅವಳು ಫೋನನ್ನು ಜೇಬಿಗೆ ಹಾಕಿದಳು. ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಬೆರಳುಗಳನ್ನು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಇನ್ನು ನಾನು ಈ ಕಡೆ ಸುಳಿಯೋ ಹಾಗಿಲ್ಲ," ಎಂದಳು.

"ಹೌದು. ನಿಮ್ಮ ಮನೆ ಎಲ್ಲಿ?"

"ಯಾಕೆ?"

"ಕೇಳಿದ್ದಕ್ಕೂ ಅನುಮಾನನಾ?"

"ಕೆಲಸವೇ ಅಂಥದ್ದು." ಅವಳ ತುಟಿಯ ತುದಿ ಅಲುಗಿತು. "ಬೇಕರಿ ಮೇಲಿನ ಮಹಡಿ. ಬೆಲ್ಲು ಕೆಟ್ಟಿದೆ, ಬಾಗಿಲು ತಟ್ಟಬೇಕು. ಯಾರು ಅಂತ ಕೇಳದೆ ನಾನು ತೆಗೆಯೋದಿಲ್ಲ."

"ಕೇಳಿದ್ರೆ ಏನು ಹೇಳ್ಲಿ?"

ಅವಳು ಮರೆತಿದ್ದ ಟೋಪಿ ಎತ್ತಿ ತಲೆಗಿಟ್ಟುಕೊಂಡಳು.

"'ನಿನ್ನವನು' ಅನ್ನು. ತೆಗೀತೀನಿ."